ಹೊನ್ನಾಜಮ್ಮ ಬೈದ ಹಾಗೆ

ನಮ್ಮೂರಿನ ಕತ್ತೆಗಳು ಬಹಳ ಬುದ್ಧಿವಂತ ಕತ್ತೆಗಳು. ಸಂತೆಯ ದಿನ ರಸ್ತೆಯ ಎಡಗಡೆಯಲ್ಲೇ ನಡೆಯುತ್ತವೆ. ಬಟ್ಟೆ ಒಗೆಯುವವರು ಯಾರ ಗಂಟು ಯಾರ ಮನೆಗೆ ಅಂತ ಮರೆತರೆ ತಾವೇ ಸರಿಯಾದ ಬಾಗಿಲಿನ ಮುಂದೆ ಹೋಗಿ ನಿಲ್ಲುತ್ತವೆ. ತಲೆಮಾರುಗಳಿಂದ ಊರಿನ ಅಪ್ಪಂದಿರು ತಮ್ಮ ಮಕ್ಕಳನ್ನು ಕತ್ತೆಗೆ ಹೋಲಿಸಿ ಹೋಲಿಸಿ, ಆ ಪ್ರಾಣಿಗಳಲ್ಲಿದ್ದ ದಡ್ಡತನವೆಲ್ಲ ಖರ್ಚಾಗಿಹೋಗಿದೆ. ಅದು ಎಲ್ಲಿಗೆ ಹೋಯಿತು ಅಂತ ತಿಳಿಯಬೇಕಾದರೆ ನಮ್ಮ ಮುನಿಸಿಪಾಲಿಟಿಯ ಸಭೆಗೆ ಒಂದು ಸಲ ಬಂದು ಕೂತರೆ ಸಾಕು. ನಮ್ಮಲ್ಲಿ ಎಮ್ಮೆಗಳು ನಸುಕಿಗೇ ಎದ್ದು ಚುರುಕಾಗಿ ಓಡಾಡುತ್ತವೆ. ಗುಡ್ಡದ ಕೋತಿಗಳು ಕೈ ಕಟ್ಟಿಕೊಂಡು ಕೂತಿರುತ್ತವೆ. ಬಾಳೆಹಣ್ಣು ಕೊಟ್ಟರೆ ತಿಂದು ಸಿಪ್ಪೆಯನ್ನು ಕಸದ ಡಬ್ಬಿಗೆ ಹಾಕುತ್ತವೆ. ಮಲ್ಲಿಗೆಗೆ ವಾಸನೆಯಿಲ್ಲ. ಗಿಳಿಗಳಿಗೆ ಮೂಗು ಚಪ್ಪಟೆ. ಜೇನುತುಪ್ಪವನ್ನು ಲಕೋಟೆ ಅಂಟಿಸುವುದಕ್ಕೆ ಬಳಸುತ್ತೇವೆ. ಹೆಣ್ಣುಮಕ್ಕಳಿಗೆ ಮೀನಾಕ್ಷಿ ಅಂತ ಹೆಸರಿಡುವುದನ್ನು ನನ್ನ ಅಜ್ಜಿಯ ಕಾಲದಲ್ಲೇ ನಿಲ್ಲಿಸಿದರು. ಅಷ್ಟರೊಳಗೆ ಕೆರೆಯ ಮೀನುಗಳಿಗೆ ಕಣ್ಣು ಮಂಜಾಗಿ ಏರಿಗೆ ಡಿಕ್ಕಿ ಹೊಡೆಯಲು ಶುರುಮಾಡಿದ್ದವು. ಚಂದ್ರನೊಬ್ಬ ಊರಿನ ಗಡಿಯಿಂದ ಆಚೆ ಇರುವುದರಿಂದ ಬಚಾವಾಗಿದ್ದಾನೆ.

ನನ್ನ ಹೆಸರು ದೇವೀರಮ್ಮ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಈಗ ನಡುವಯಸ್ಸಿನಲ್ಲಿ ಗ್ರಂಥಾಲಯದ ಮಹಡಿಯ ಮೇಲೆ ನಡೆಯುವ ಸಂಜೆ ತರಗತಿಗೆ ಹೋಗಿ ಅಲಂಕಾರ ಕಲಿಯುತ್ತಿದ್ದೇನೆ. ಹಾಗಾಗಿ ಇಲ್ಲಿ ತಪ್ಪುಗಳಿದ್ದರೆ ಅವು ನನ್ನವು, ಸರಿ ಇರುವುದೆಲ್ಲ ಖಯ್ಯೂಮ್ ಮೇಷ್ಟ್ರದು. ಹೋಲಿಕೆಯನ್ನು ಬರೆದರೆ ಏನೂ ಆಗುವುದಿಲ್ಲ, ಬಾಯಿಬಿಟ್ಟು ಹೇಳಿದರೆ ಮಾತ್ರ ತೊಂದರೆ ಅಂತ ಮೇಷ್ಟ್ರು ಧೈರ್ಯ ಹೇಳಿದ್ದಾರೆ. ಆದರೂ ನನಗೆ ಪೂರ್ತಿ ನಂಬಿಕೆಯಿಲ್ಲ. ನಾನಾಗಿ ಇಲ್ಲಿ ಯಾವುದನ್ನೂ ಯಾವುದಕ್ಕೂ ಹೋಲಿಸುವುದಿಲ್ಲ. ಬೇರೆಯವರು ಆಡಿದ್ದನ್ನು ಬರೆಯಲೇಬೇಕಾದ ಕಡೆ, ದಯವಿಟ್ಟು ನೀವು ಗಟ್ಟಿಯಾಗಿ ಓದಬೇಡಿ. ಯಾರಿಗೆ ಏನು ಹೋಗುತ್ತದೋ ಹೇಳಲಾಗದು.

ಮದುವೆಮನೆಯಲ್ಲಿ, ಸನ್ಮಾನ ಸಭೆಯಲ್ಲಿ ಮೈಕ್ ಹಿಡಿಯುವವರಿಗೆ ಮಾತ್ರ ನಮ್ಮೂರಲ್ಲಿ ಅಲಂಕಾರದ ಪರೀಕ್ಷೆ ಕಡ್ಡಾಯ. ನನಗೆ ಯಾರೂ ಮೈಕ್ ಕೊಡುವುದಿಲ್ಲ. ನಾನು ಬರೀ ಭಯಕ್ಕೆ ಸೇರಿದವಳು. ಪಕ್ಕದ ಮನೆಯ ಮಗುವನ್ನು ಎತ್ತಿಕೊಂಡು "ಅಯ್ಯೋ ಎಷ್ಟು ಮೆತ್ತಗಿದ್ದೀಯೋ" ಅಂದು, ಮುಂದಿನ ಮಾತು ತುಟಿಯ ತನಕ ಬಂದಾಗ ಮಗುವನ್ನು ಅದರ ತಾಯಿಯ ಕೈಗೆ ತುರುಕಿ ಓಡಿಬಂದವಳು ನಾನು. ತರಗತಿಯ ಮೊದಲ ದಿನವೇ ಮೇಷ್ಟ್ರು ಹಲಗೆಯ ಮೇಲೆ ಬರೆದರು: ಉಪಮೇಯ, ಉಪಮಾನ. "ಯಾರನ್ನು ಹೋಲಿಸುತ್ತೀರೋ ಅದು ಉಪಮೇಯ, ಅದು ತಗೊಳ್ಳೋ ಪಾರ್ಟಿ. ಯಾವುದಕ್ಕೆ ಹೋಲಿಸುತ್ತೀರೋ ಅದು ಉಪಮಾನ, ಅದು ಕಳಕೊಳ್ಳೋ ಪಾರ್ಟಿ. ಬಾಕಿ ಶಾಸ್ತ್ರವೆಲ್ಲ ಇದರ ಮೇಲಿನ ಒಗ್ಗರಣೆ," ಅಂದರು. ಆಮೇಲೆ ರೂಪಕ. ರೂಪಕದಲ್ಲಿ 'ಹಾಗೆ' ಅನ್ನುವ ಮಾತೂ ಇರುವುದಿಲ್ಲ, ಇದೇ ಅದು ಅಂತ ನೇರ ಹೇಳಿಬಿಡುವುದು. ಅದಕ್ಕೆ ಮೇಷ್ಟ್ರು ನಮ್ಮನ್ನು ಕಿಟಕಿಯ ಹತ್ತಿರ ಕರೆದು ಉದಾಹರಣೆ ತೋರಿಸಿದರು. ಹಿಂದಿನ ಅಧ್ಯಕ್ಷರನ್ನು ಯಾರೋ ಭಾಷಣದಲ್ಲಿ "ಇವರು ನಮ್ಮೂರಿನ ಆಧಾರಸ್ತಂಭ" ಅಂದಿದ್ದರು. ಅವರು ಈಗಲೂ ಮಾರ್ಕೆಟ್ಟಿನ ಮೂಲೆಯಲ್ಲಿ ನಿಂತಿದ್ದಾರೆ. ಹೆಂಡತಿ ದಿನಾ ಟಿಫಿನ್ ಕ್ಯಾರಿಯರ್ ತಗೊಂಡು ಹೋಗುತ್ತಾರೆ. ಅವರ ಮೈಮೇಲೆ ಟ್ಯೂಷನ್ನಿನವರು ಪೋಸ್ಟರ್ ಅಂಟಿಸಿದರೆ ಕಣ್ಣು ಪಿಳಿಪಿಳಿ ಮಾಡುತ್ತಾರೆ, ಅಷ್ಟೇ.

ಇನ್ನು ನಮ್ಮ ದೊಡ್ಡಮ್ಮ ಹೊನ್ನಾಜಮ್ಮ. ಲಾರಿ ಸ್ಟ್ಯಾಂಡಿನ ಪಕ್ಕದಲ್ಲಿ ಅವರದು ಮುದ್ದೆ ಹೋಟೆಲು. ನನ್ನನ್ನು ಸಾಕಿದವರು ಅವರೇ. ನಾನು ಅಲ್ಲಿ ಬಡಿಸುತ್ತೇನೆ, ಒರೆಸುತ್ತೇನೆ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ಯೋಚಿಸುತ್ತೇನೆ. ಊರಿಗೆಲ್ಲ ಗೊತ್ತಿರುವ ಸತ್ಯವೇನೆಂದರೆ ನಮ್ಮ ಹೋಟೆಲಿಗಿಂತ ರುಚಿಯಾದ ಮುದ್ದೆ ಇನ್ನೂ ಎರಡು ಕಡೆ ಸಿಗುತ್ತದೆ. ಜನ ನಮ್ಮಲ್ಲಿಗೆ ಬರುತ್ತಿದ್ದದ್ದು ಬೈಸಿಕೊಳ್ಳುವುದಕ್ಕೆ. ದೊಡ್ಡಮ್ಮ ಜೀವಮಾನದಲ್ಲಿ ಯಾರನ್ನೂ ಕತ್ತೆ ಅಂದವರಲ್ಲ; ಕತ್ತೆಗಳ ಬಗ್ಗೆ ಅವರಿಗೆ ಗೌರವವಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಅವರ ಬೈಗುಳ. ಲಾರಿ ಡ್ರೈವರ್ ಸಿದ್ದರಾಜ ಒಂದು ದಿನ ಎಲೆಯಲ್ಲಿ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದ. ದೊಡ್ಡಮ್ಮ ಮುದ್ದೆ ಕೋಲು ಹಿಡಿದುಕೊಂಡೇ ಹೊರಗೆ ಬಂದರು. "ಏನ್ಲಾ ಸಿದ್ದರಾಜ, ಆ ಅರ್ಧ ಮುದ್ದೆ ಯಾರಿಗ್ಲಾ? ನಿಮ್ಮಪ್ಪ ಬಂದು ಉಣ್ತಾನಾ? ನಿಮ್ಮವ್ವ ಬನಿಯನ್ ತಗೋ ಅಂತ ಕೊಟ್ಟ ದುಡ್ಡಲ್ಲಿ ಕಪ್ಪು ಕನ್ನಡಕ ತಂದಿದ್ದೀಯ. ಮೈಮೇಲೆ ಬನಿಯನ್ ಇಲ್ಲದೋನಿಗೆ ಕಪ್ಪು ಕನ್ನಡಕ ಯಾಕ್ಲಾ, ಕನ್ನಡೀಲಿ ನೋಡ್ಕೊಂಡ್ರೆ ಬೇಜಾರಾಯ್ತದೆ ಅಂತಾನಾ?" ಸಿದ್ದರಾಜ ತಲೆ ತಗ್ಗಿಸಿ ಕೂತು ಮುದ್ದೆ ಮುಗಿಸಿದ. ಹೊರಗೆ ಹೋಗಿ ಕ್ಲೀನರಿಗೆ, "ನೋಡ್ದಾ, ನಂಗೇ ಅಂತ ಬೈದ್ರು," ಅಂತ ಹೆಮ್ಮೆಯಿಂದ ಹೇಳಿದ. ದಿನಾ ನಮ್ಮಲ್ಲೇ ಉಣ್ಣುವ ಖಯ್ಯೂಮ್ ಮೇಷ್ಟ್ರು ಇದನ್ನೆಲ್ಲ ಕೇಳಿ, "ಇದಕ್ಕೆ ಶಾಸ್ತ್ರದಲ್ಲಿ ಸ್ವಭಾವೋಕ್ತಿ ಅಂತಾರೆ ಕಣಮ್ಮ. ಇದರಲ್ಲಿ ಯಾರಿಗೂ ಏನೂ ನಷ್ಟವಿಲ್ಲ, ಮಾನ ಒಂದು ಬಿಟ್ಟು," ಅನ್ನುತ್ತಿದ್ದರು.

ಎಲ್ಲ ಕೆಟ್ಟದ್ದು ಎಣ್ಣೆ ಮಿಲ್ಲಿನ ಚನ್ನವೀರಪ್ಪನವರ ಮಗನ ಮದುವೆಯಲ್ಲಿ. ಹುಡುಗಿ ರೇವತಿ ಹೊರಗಿನ ಊರಿನವಳು. ತಲೆ ತಗ್ಗಿಸಿ ನಿಂತವಳು ಎತ್ತಿರಲಿಲ್ಲ. ಫೋಟೋದವನು "ಸ್ವಲ್ಪ ನಗಿ ಮೇಡಂ" ಅಂದದ್ದಕ್ಕೂ ನೆಲವನ್ನೇ ನೋಡಿ ನಕ್ಕಿದ್ದಳು. ಅವಳ ಸೋದರಮಾವ ಹಿಂದಿನ ದಿನ ನಮ್ಮ ಹೋಟೆಲಿನಲ್ಲಿ ಉಂಡು, ಮಜ್ಜಿಗೆಯ ಲೋಟಕ್ಕೆ ಕೈ ಅದ್ದಿದ್ದಕ್ಕೆ ದೊಡ್ಡಮ್ಮನಿಂದ ಚೆನ್ನಾಗಿ ಹೇಳಿಸಿಕೊಂಡಿದ್ದ. ಹೊರಗಿನವನು, ನಮ್ಮೂರಿನ ಕಟ್ಟುಪಾಡು ತಿಳಿಯದವನು. ಯಾರೂ ತಡೆಯುವ ಮೊದಲೇ ಮೈಕ್ ಹಿಡಿದುಬಿಟ್ಟ. "ನಮ್ಮ ಹುಡುಗಿ ಮಾತಾಡಲ್ಲ ಅಂತ ಬೀಗರು ತಿಳ್ಕೋಬೇಡಿ. ಬೈಯೋಕೆ ನಿಂತ್ರೆ ನಿಮ್ಮೂರ ಮುದ್ದೆ ಹೋಟೆಲ್ ಹೊನ್ನಾಜಮ್ಮ ಬೈದ ಹಾಗೇ!" ಅಂದು ತಾನೇ ಮೊದಲು ನಕ್ಕ.

ಅವನ ಜೊತೆ ಇನ್ನೊಬ್ಬರೂ ನಗಲಿಲ್ಲ. ಊಟದ ಮನೆಯ ಗೋಡೆಗೂ ಒಂದು ಸ್ಪೀಕರ್ ಕಟ್ಟಿದ್ದರು. ಆ ಹೊತ್ತಿಗೆ ಅಲ್ಲಿ ದೊಡ್ಡಮ್ಮ, ಉಪ್ಪಿನಕಾಯಿಯನ್ನು ಪಾಯಸದೊಳಕ್ಕೆ ಬೀಳಿಸಿದ ಬಡಿಸುವವನೊಬ್ಬನನ್ನು ಹಿಡಿದು ನಿಲ್ಲಿಸಿದ್ದರು. "ಏನಯ್ಯಾ, ನಿಂಗೆ ಎಲೆಯ ತುದಿ ಯಾವುದು ಬುಡ ಯಾವುದು ಅಂತ..." ಅನ್ನುತ್ತಿದ್ದವರು ಸ್ಪೀಕರಿನ ಮಾತು ಮುಗಿಯುತ್ತಲೇ ನಿಂತುಬಿಟ್ಟರು. ಬಾಯಿ ಒಂದೆರಡು ಸಲ ಆಡಿತು. ಆಮೇಲೆ ಅವರು ಅಂದ ಮಾತು ನನ್ನ ಎದೆ ಒಡೆಯಿತು. "ಪರವಾಗಿಲ್ಲ ಬಿಡಪ್ಪ. ಪಾಪ, ನೀನೂ ಎಷ್ಟು ಅಂತ ಬಡಿಸ್ತೀಯ." ಬಡಿಸುವವನು ಬಕೆಟ್ಟು ಬಿಟ್ಟು ಓಡಿಹೋದ. ಅದೇ ಗಳಿಗೆಯಲ್ಲಿ ವೇದಿಕೆಯ ಮೇಲೆ ರೇವತಿ ಮೊದಲ ಸಲ ತಲೆಯೆತ್ತಿದಳು. ಫೋಟೋದವನನ್ನು ನೋಡಿ, "ಏನ್ರೀ, ಬೆಳಗಿನಿಂದ ನಗಿ ನಗಿ ಅಂತೀರಲ್ಲ, ನಿಮ್ಮ ಕ್ಯಾಮೆರಾದ ಮುಚ್ಚಳ ತೆಗೆದಿದ್ದೀರಾ?" ಅಂದಳು. ತೆಗೆದಿರಲಿಲ್ಲ.

ಹೋಟೆಲು ಒಂದು ವಾರವೂ ತಡೆಯಲಿಲ್ಲ. ಜನ ಕೈ ತೊಳೆಯದೆ ಕೂತರು, ಬೆಂಚಿನ ಮೇಲೆ ಕಾಲಿಟ್ಟರು, ಲಾರಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿದರು, ಎಲೆಯಲ್ಲಿ ಪೂರ್ತಿ ಮುದ್ದೆ ಬಿಟ್ಟು ಎದ್ದರು. ದೊಡ್ಡಮ್ಮ ಎಲ್ಲರಿಗೂ, "ಉಂಡ್ಯಾ ಕಂದ? ಬಿಟ್ರೆ ಬಿಡು, ಹೊಟ್ಟೆ ನಿಂದು," ಅನ್ನುತ್ತಿದ್ದರು. ಹಳೆಯ ಗಿರಾಕಿಗಳು ಅದನ್ನು ಕೇಳಿ ಹೆದರಿದರು. ಸಿದ್ದರಾಜ ಬೇಕು ಅಂತಲೇ ಸಾರು ಚೆಲ್ಲಿ, ಲೋಟ ಉರುಳಿಸಿ, ಕಪ್ಪು ಕನ್ನಡಕ ಹಾಕಿಕೊಂಡು ಒಲೆಯ ಎದುರಿಗೇ ಹೋಗಿ ನಿಂತ. "ಬೈಯ್ರವ್ವ, ಒಂದೇ ಒಂದು," ಅಂತ ಬೇಡಿಕೊಂಡ. "ಯಾಕಪ್ಪ ಬೈಯಲಿ, ನೀನು ಒಳ್ಳೇ ಹುಡುಗ," ಅಂದರು ದೊಡ್ಡಮ್ಮ. ಅವನು ಉಣ್ಣದೆ ಎದ್ದುಹೋಗಿ ಲಾರಿಯೊಳಗೆ ಕೂತು ಬಾಗಿಲು ಹಾಕಿಕೊಂಡ.

ಗಿರಾಕಿಗಳ ಕಥೆ ಹೋಗಲಿ. ಒಂದು ಮಧ್ಯಾಹ್ನ ನಾನು ಹಿತ್ತಲಿಗೆ ಹೋದಾಗ ದೊಡ್ಡಮ್ಮ ಹಾಲಿನ ಪಾತ್ರೆಯ ಮುಂದೆ ನಿಂತಿದ್ದರು. ಬೆಕ್ಕು ಅವರ ಕಣ್ಣೆದುರಿಗೇ ಹಾಲು ಕುಡಿಯುತ್ತಿತ್ತು. ಅವರ ಕೈ ಸೊಂಟಕ್ಕೆ ಹೋಯಿತು, ಕುತ್ತಿಗೆಯ ನರ ಉಬ್ಬಿತು, ಉಸಿರು ಎಳೆದುಕೊಂಡರು. ಎಲ್ಲ ತಯಾರಿಯೂ ಇತ್ತು. "ಕುಡಿ," ಅಂದರು ಬೆಕ್ಕಿಗೆ. ಅಂದವರೇ ಸೆರಗಿನಿಂದ ಮುಖ ಮುಚ್ಚಿಕೊಂಡರು. ನನ್ನನ್ನು ನೋಡಿ, "ಮಾತದೆ ಕಣೆ ದೇವೀರಿ. ಅದ್ರೊಳಗೆ ನಾನಿಲ್ಲ," ಅಂದರು. ಆವತ್ತು ಸಂಜೆಯೇ, ಬರುವ ಶುಕ್ರವಾರ ಊಟ ಹಾಕಿ ಹೋಟೆಲಿಗೆ ಬಾಗಿಲು ಹಾಕುವುದು ಅಂತ ತೀರ್ಮಾನ ಮಾಡಿದರು.

ನಾನು ಯೋಚನೆ ಮಾಡಿದೆ. ಯೋಚನೆ ಮಾಡುವುದರಲ್ಲಿ ನನಗೆ ಕೊರತೆಯಿಲ್ಲ, ಸರಿಯಾದ ಕಡೆಗೆ ಹೋಗುವುದರಲ್ಲಿ ಕೊರತೆ. ಖಾರ ಹೋಗಿದೆ ತಾನೆ, ಖಾರ ಇರುವ ಯಾವುದಕ್ಕಾದರೂ ಹೋಲಿಸಿದರೆ ಬರುತ್ತದೆ ಅಂತ ಲೆಕ್ಕ ಹಾಕಿದೆ. ಬೇರೆಯವರ ಸ್ವತ್ತಿಗೆ ಕೈ ಹಾಕಬಾರದು ಅಂತ ನಮ್ಮ ಅಡುಗೆಮನೆಯದೇ ಒಂದು ಮೂಟೆಯನ್ನು ಆರಿಸಿಕೊಂಡೆ. ಬಾಗಿಲು ಹಾಕಿ, ಕಣ್ಣು ಮುಚ್ಚಿ, "ನಮ್ಮ ದೊಡ್ಡಮ್ಮ ಬೈದರೆ ಈ ಬ್ಯಾಡಗಿ ಮೆಣಸಿನಕಾಯಿಯ ಹಾಗೆ," ಅಂದೆ. ಹೊರಗೆ ಸಿದ್ದರಾಜ "ಅಯ್ಯಯ್ಯೋ, ಅವ್ವ!" ಅಂತ ಕೂಗಿದ. ಓಡಿಹೋಗಿ ನೋಡಿದರೆ ದೊಡ್ಡಮ್ಮನ ಮುಖ ಕೆಂಪಗೆ, ಕಿವಿಯ ತುದಿಯ ತನಕ ಕೆಂಪಗೆ ಆಗಿತ್ತು. ನನ್ನ ಜೀವ ಕುಣಿಯಿತು. ದೊಡ್ಡಮ್ಮ ಬಾಯಿ ತೆರೆದರು. "ಯಾಕೋ ಸೆಕೆ ಕಣ್ರಪ್ಪ, ಎಲ್ರಿಗೂ ಮಜ್ಜಿಗೆ ಕೊಡ್ಲಾ?" ಅಂದರು. ಆಗ ನೆನಪಾಯಿತು ನನಗೆ. ಬ್ಯಾಡಗಿಯಲ್ಲಿ ಇರುವುದು ಬಣ್ಣ, ಖಾರ ಎಲ್ಲಿದೆ? ಹೋಟೆಲಿನ ಅಡುಗೆಮನೆಯಲ್ಲೇ ಬೆಳೆದವಳು, ಸಾರಿಗೆ ಬಣ್ಣ ಬರಲಿ ಅಂತ ನಾನೇ ಅದನ್ನು ಕೈಯಾರೆ ಹುರಿಯುವವಳು. ದೊಡ್ಡಮ್ಮ ಮೂರು ದಿನ ಕೆಂಪಗಿದ್ದರು. ಮೂಟೆಯಲ್ಲಿದ್ದ ಮೆಣಸಿನಕಾಯಿ ಪೂರ್ತಿ ಬೆಳ್ಳಗಾಗಿತ್ತು. ಅದನ್ನು ಎಳೆದುಕೊಂಡು ಹೋಗಿ ಮಂಚದ ಕೆಳಗೆ ಬಚ್ಚಿಟ್ಟೆ. ಗುಂಟೂರು ಮೆಣಸಿನಕಾಯಿಗೆ ಹೋಲಿಸಿ ನೋಡೋಣ ಅಂತ ಬಾಯಿಗೆ ಬಂದಿತ್ತು. ಊರಿನ ಬಡವರ ಗೊಜ್ಜೆಲ್ಲ ಅದರ ಮೇಲೆ ನಡೆಯುತ್ತದೆ ಅನ್ನುವುದು ನೆನಪಾಗಿ ಬಾಯಿ ಮುಚ್ಚಿದೆ.

ತರಗತಿಯಲ್ಲಿ ಮೇಷ್ಟ್ರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ದಾರಿ ಇದೆ. ಪ್ರತೀಪ ಅಂತ. ಉಪಮೆಯನ್ನು ತಿರುಗಿಸಿ ಹೇಳೋದು. ಹುಡುಗಿ ಹೊನ್ನಾಜಮ್ಮನ ಹಾಗೆ ಬೈತಾಳೆ ಅಂದಿದ್ದಕ್ಕೆ ಅಲ್ವಾ ಹೋಗಿದ್ದು? ಹೊನ್ನಾಜಮ್ಮ ಆ ಹುಡುಗಿಯ ಹಾಗೆ ಬೈತಾರೆ ಅಂತ ಹೇಳು, ಸಭೆಯಲ್ಲಿ ಹೋದದ್ದನ್ನ ನಾಲ್ಕು ಜನರ ಮುಂದೇ ಕೇಳಬೇಕು. ಎಲ್ಲ ವಾಪಸ್ ಬರತ್ತೆ."

"ಆ ಹುಡುಗಿಗೆ?"

"ಅವಳಿಗೆ ಮೊದಲಿದ್ದದ್ದು ಇರತ್ತೆ."

"ಮೊದಲು ಏನಿತ್ತು ಸಾರ್?"

ಮೇಷ್ಟ್ರು ಕನ್ನಡಕ ಹಾಕಿಕೊಂಡರು. "ನೆಲ ನೋಡೋದಿತ್ತು," ಅಂದರು. ಕ್ಲಾಸಿನಲ್ಲಿ ಯಾರೋ ನಕ್ಕರು. ನನಗೆ ನಗು ಬರಲಿಲ್ಲ, ಮಾರನೆಯ ದಿನ ಚನ್ನವೀರಪ್ಪನವರ ಮನೆಗೆ ಹೋದೆ. ಹೇಳದೆ ಕೇಳದೆ ಕಿತ್ತುಕೊಳ್ಳುವುದು ನನ್ನಿಂದ ಆಗದ ಕೆಲಸ.

ಊಟದ ಹೊತ್ತು. ಬಾಗಿಲಲ್ಲೇ ರೇವತಿಯ ದನಿ ಕೇಳಿಸಿತು. "ಮಾವನವರೇ, ಉಂಡಿದ್ದಾಯ್ತು, ಕೈ ತೊಳೆದದ್ದಾಯ್ತು, ಎಲೆ ಅಡಿಕೆ ಹಾಕ್ಕೊಂಡಿದ್ದೂ ಆಯ್ತು. ಆ ಜಾಗದಲ್ಲಿ ಇನ್ನೂ ಯಾಕೆ ಕೂತಿದ್ದೀರಿ? ನಿಮ್ಮ ಹಿಂದೆ ನಿಂತಿರೋರು ನಿಮ್ಮ ಹೆಂಡ್ತಿ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಬಿಸಿ ಅನ್ನ ಹೇಗಿರತ್ತೆ ಅಂತ ನಿಮ್ಮನ್ನ ಕೇಳಿ ತಿಳ್ಕೊಂಡಿದ್ದಾರೆ. ಏಳಿ." ಚನ್ನವೀರಪ್ಪನವರು, ಕಂಡರೆ ಊರಿನ ಅರ್ಧ ಜನ ಎದ್ದು ನಿಲ್ಲುವ ಚನ್ನವೀರಪ್ಪನವರು, ಪಂಚೆ ಸರಿಮಾಡಿಕೊಂಡು ಎದ್ದರು. ಅವರ ಹೆಂಡತಿ ಕೂತರು. ಹಬೆಯಾಡುವ ಅನ್ನಕ್ಕೆ ಕೈಯಿಟ್ಟು "ಹಾ, ಸುಡತ್ತೆ" ಅಂತ ಕೈ ಹಿಂದೆ ತೆಗೆದು, ಮತ್ತೆ ಇಟ್ಟರು. ನನ್ನನ್ನು ನೋಡಿ, "ನಮ್ಮ ಸೊಸೆ ಬಂಗಾ..." ಅಂದವರು ಗಾಬರಿಯಾಗಿ ಬಾಯಿ ಮುಚ್ಚಿಕೊಂಡರು. ರೂಪಕವಾಗುವುದರಲ್ಲಿತ್ತು.

ರೇವತಿ ನನ್ನನ್ನು ಹಜಾರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಅವಳ ದನಿ ಇಳಿಯಿತು. "ಅಕ್ಕಾ, ನೀವು ಯಾಕೆ ಬಂದಿದ್ದೀರಿ ಅಂತ ಗೊತ್ತು. ಹೋಟೆಲು ಮುಚ್ತಾರಂತೆ. ಅದು ನಂದಲ್ಲ, ಅವರದು. ತಗೊಂಡು ಹೋಗಿ."

"ಇವತ್ತೇ ಅಂತೇನಿಲ್ಲ," ಅಂದೆ. ಅದನ್ನು ಹೇಳುವುದಕ್ಕೆ ನಾನು ಅಷ್ಟು ದೂರ ಹೋಗಿರಲಿಲ್ಲ.

"ಶುಕ್ರವಾರ ನಾನೇ ಬರ್ತೀನಿ. ಅಷ್ಟರೊಳಗೆ ನಮ್ಮ ಯಜಮಾನರಿಗೆ ಹೇಳೋದು ಇನ್ನೊಂದೆರಡು ಬಾಕಿ ಇದೆ." ಬಾಗಿಲ ತನಕ ಬಂದು ನಿಂತಳು. "ಅಕ್ಕಾ, ಹೋದ ಮೇಲೆ ನಂಗೆ ನೆನಪಿರತ್ತಾ? ಹೇಗೆ ಮಾತಾಡ್ತಿದ್ದೆ ಅಂತ?" ನಾನು ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಜೊತೆಯಲ್ಲೇ ಬಂತು. ಮಾರ್ಕೆಟ್ಟಿನ ಮೂಲೆಯಲ್ಲಿ ನಿಂತ ಮಾಜಿ ಅಧ್ಯಕ್ಷರ ಮುಂದೆ ಸ್ವಲ್ಪ ಹೊತ್ತು ನಿಂತೆ. ಅವರು ಕಣ್ಣು ಪಿಳಿಪಿಳಿ ಮಾಡಿದರು. ಅದು ಹೌದೋ ಅಲ್ಲವೋ ತಿಳಿಯಲಿಲ್ಲ.

ಶುಕ್ರವಾರ ಹೋಟೆಲು ತುಂಬಿತ್ತು. ಕೊನೆಯ ಊಟ ಅಂತ ಸುದ್ದಿಯಾಗಿ, ಎಂದೋ ಒಮ್ಮೆ ಬೈಸಿಕೊಂಡವರೆಲ್ಲ ಬಂದಿದ್ದರು. ಸಿದ್ದರಾಜ ಬಾಗಿಲ ಪಕ್ಕದ ಬೆಂಚಿನಲ್ಲಿ, ಕಾಲು ಮೇಲೆ ಹಾಕಿಕೊಂಡು, ಯಾರೂ ಇಳಿಸು ಅನ್ನದ ದುಃಖದಲ್ಲಿ ಕೂತಿದ್ದ. ಮೇಷ್ಟ್ರು ಮೂಲೆಯಲ್ಲಿ ಉಣ್ಣುತ್ತಿದ್ದರು. ದೊಡ್ಡಮ್ಮ ಒಲೆಯ ಹತ್ತಿರ ಮುದ್ದೆ ಕೋಲು ಹಿಡಿದು ನಿಂತು, ಕೈ ಎತ್ತುವುದಕ್ಕೂ ಮನಸ್ಸಿಲ್ಲದೆ ಹಿಟ್ಟು ತೊಳಸುತ್ತಿದ್ದರು. ಹಿಟ್ಟೆಲ್ಲ ಗಂಟಾಗಿತ್ತು. ರೇವತಿ ಬಂದಳು. ಒಳಗೆ ಬಂದು ಗೋಡೆಗೆ ಒರಗಿ ನಿಂತು ನನಗೆ ತಲೆಯಾಡಿಸಿದಳು. ಮೇಷ್ಟ್ರೂ ತಲೆಯಾಡಿಸಿದರು.

ನಾನು ಮಧ್ಯದಲ್ಲಿ ನಿಂತೆ. ಸಾರಿನ ಸೌಟು ಕೈಯಲ್ಲೇ ಇತ್ತು. "ಎಲ್ಲರೂ ಕೇಳಿ," ಅಂದೆ. ಕೇಳಿದರು. "ನಮ್ಮ ದೊಡ್ಡಮ್ಮ ಬೈಯೋದು..." ಅಂದೆ. ಮುಂದಿನ ಹೆಸರು ನಾಲಿಗೆಯ ಮೇಲಿತ್ತು. ರೇವತಿ ನನ್ನನ್ನೇ ನೋಡುತ್ತಿದ್ದಳು. ನೋಡುತ್ತಿದ್ದವಳು ಮೆಲ್ಲಗೆ ತಲೆ ತಗ್ಗಿಸಿ ನೆಲ ನೋಡಿದಳು. ಇನ್ನೂ ಏನೂ ಹೋಗಿರಲಿಲ್ಲ, ಅಭ್ಯಾಸಕ್ಕೆ ಇರಲಿ ಅಂತ ಈಗಲೇ ನೋಡುತ್ತಿದ್ದಳು. ಆ ಹೆಸರನ್ನು ನುಂಗಿಕೊಂಡೆ. ಬೇರೆ ಯಾರ ಹೆಸರಾದರೂ ಹೇಳಿಬಿಡೋಣ ಅಂತ ಹುಡುಕಿದೆ. ಏಳು ಗಂಟೆ ಬಸ್ಸಿನ ಕಂಡಕ್ಟರು ಚೆನ್ನಾಗಿ ಬೈಯುತ್ತಾನೆ. ಅವನ ಬಾಯಿ ಹೋದರೆ ಯಾರು ಒಳಗೆ ನಡೆಯುತ್ತಾರೆ? ಕೋರ್ಟಿನ ಮುಂದಿನ ವಕೀಲರು. ಅವರಿಗೆ ಹೊಟ್ಟೆಪಾಡು ಅದೇ. ಗುಡುಗು ಅನ್ನೋಣವೆಂದರೆ ಗುಡುಗಿಗೆ ಅಣಬೆ ಏಳುತ್ತದೆ ಅಂತ ಕಾಯುವವರಿದ್ದಾರೆ. ತಮಟೆ ಅನ್ನೋಣವೆಂದರೆ ತಮಟೆ ಬಾರಿಸುವ ಅಣ್ಣ ಎದುರಿಗೇ ಕೂತು ಮುದ್ದೆ ಮುರಿಯುತ್ತಿದ್ದಾರೆ. ಒಂದೊಂದನ್ನೂ ಕೈಗೆತ್ತಿಕೊಂಡು ಕೆಳಗಿಟ್ಟೆ. ಜಗತ್ತಿನಲ್ಲಿ ಕಳೆದುಕೊಂಡರೂ ನಡೆಯುತ್ತದೆ ಅನ್ನುವ ವಸ್ತು ಒಂದೂ ಸಿಗಲಿಲ್ಲ. ಜನ ಕಾಯುತ್ತಿದ್ದರು. ಸಾರು ಸೌಟಿನಿಂದ ನನ್ನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಶುರುಮಾಡಿದ ವಾಕ್ಯವನ್ನು ಮುಗಿಸಬೇಕು ಅಂತ ನಮಗೆ ಕಲಿಸಿದ್ದಾರೆ. ಮುಗಿಸಿದೆ.

"ನಮ್ಮ ದೊಡ್ಡಮ್ಮ ಬೈಯೋದು... ನಮ್ಮ ದೊಡ್ಡಮ್ಮ ಬೈದ ಹಾಗೆ."

ಮೇಷ್ಟ್ರು ಬಾಯಲ್ಲಿ ಮುದ್ದೆ ಇಟ್ಟುಕೊಂಡೇ, "ಅನನ್ವಯ," ಅಂದರು. "ಒಂದನ್ನು ಅದಕ್ಕೇ ಹೋಲಿಸೋದು. ಕಳಕೊಳ್ಳೋ ಪಾರ್ಟಿನೂ ಅದೇ, ತಗೊಳ್ಳೋ ಪಾರ್ಟಿನೂ ಅದೇ. ಪರೀಕ್ಷೆಗೆ ಬರಲ್ಲ ಅಂತ ನಾನು ಪಾಠ ಮಾಡ್ದೇ ಬಿಟ್ಟಿದ್ದೆ." ಸಿದ್ದರಾಜ ಪಕ್ಕದವನಿಗೆ, "ಪಾಪ, ಇವಳಿಗೂ ಹೋಯ್ತು," ಅಂದ.

ದೊಡ್ಡಮ್ಮ ಕೋಲು ನಿಲ್ಲಿಸಿದರು. "ಅದೇನೇ ಅದು?" ಅಂದರು. ದನಿ ಮೆತ್ತಗೇ ಇತ್ತು, ಆದರೆ ಕೊನೆಯಲ್ಲೊಂದು ಮೊನೆಯಿತ್ತು. "ಇನ್ನೊಂದ್ಸಲ ಹೇಳು."

ಹೇಳಿದೆ.

"ನಾನು ಬೈಯೋದು ನಾನು ಬೈದಂಗಾ?" ಕೋಲು ಪಾತ್ರೆಯಿಂದ ಹೊರಗೆ ಬಂತು. "ಇದನ್ನ ಹೇಳೋಕೆ ಇಷ್ಟು ಜನದ ಊಟ ನಿಲ್ಲಿಸ್ದಾ? ಸಂಜೆ ಆದ್ರೆ ಪೌಡ್ರು ಹಾಕ್ಕೊಂಡು ಚೀಲ ತಗಲಾಕ್ಕೊಂಡು ಮಹಡಿ ಹತ್ತಿ ಇದ್ನ ಕಲ್ತುಬಂದ್ಯಾ? ಒಂದು ಸ್ಟವ್ ಹಚ್ಚೋಕೆ ಅರ್ಧ ಬೆಂಕಿಪೊಟ್ಣ ಬೇಕು ನಿಂಗೆ. ಸಾರಿಗೆ ಉಪ್ಪು ಹಾಕಿದ್ನಾ ಅಂತ ಬೀದೀಲಿ ಹೋಗೋರನ್ನ ಕೇಳ್ತೀಯ. ಒಂದು ಮೂಟೆ ಬ್ಯಾಡಗಿ ಬೆಳ್ಳಗೆ ಮಾಡಿ ಮಂಚದ ಕೆಳಗೆ ತುರುಕಿದ್ದೀಯ, ನಂಗೇನು ಕಣ್ಣಿಲ್ವಾ? ಮೂರು ದಿನ ನನ್ನ ಮುಖ ನೋಡಿ ಬಸ್ಸಿನೋರು ಬ್ರೇಕ್ ಹಾಕವ್ರೆ!" ಅಷ್ಟರಲ್ಲಿ ಅವರು ಬೆಂಚುಗಳ ಸಾಲಿಗೆ ಬಂದಾಗಿತ್ತು. "ಮೇಷ್ಟ್ರೇ, ಮುದ್ದೆ ಅಗೀತಿದ್ದೀರ. ಇಷ್ಟು ವರ್ಷ ಓದಿ ಮುದ್ದೆ ಅಗಿಯೋದಾ? ನುಂಗ್ರೀ! ಲೋ ಸಿದ್ದರಾಜ, ಇಳಿಸ್ಲಾ ಕಾಲು. ಆ ಕಾಲ್ಚೀಲ ಒಗೆದು ಯಾವ ಕಾಲ ಆಯ್ತು? ನಿನ್ನ ಲಾರಿಗೆ ಹಾರನ್ ಬ್ಯಾಡ, ಕಿಟಕಿ ತೆಗೆದ್ರೆ ಸಾಕು ದಾರಿ ಬಿಡ್ತಾರೆ!" ಸಿದ್ದರಾಜ ಕಾಲಿಳಿಸಿ, ಕಪ್ಪು ಕನ್ನಡಕ ತೆಗೆದು, ಎರಡೂ ಕೈಯಿಂದ ಕಣ್ಣು ಒರೆಸಿಕೊಂಡ.

ಕೊನೆಗೆ ದೊಡ್ಡಮ್ಮ ಗೋಡೆಯ ಹತ್ತಿರ ನಿಂತವಳ ಮುಂದೆ ಬಂದರು. "ನೀನ್ಯಾರೇ?" ರೇವತಿ ನೆಲದಿಂದ ಕಣ್ಣೆತ್ತಿದಳು. ಅವಳದು ಉಳಿದಿದೆಯೋ ಇಲ್ಲವೋ ಅಂತ ನಾನು ಅವಳ ಬಾಯಿಯನ್ನೇ ನೋಡಿದೆ.

"ನಾನ್ಯಾರು ಅಂತ ಆಮೇಲೆ ಕೇಳಿ," ಅಂದಳು ರೇವತಿ. "ಮೊದಲು ಒಲೆ ಕಡೆ ನೋಡಿ. ಅಷ್ಟು ದೊಡ್ಡ ಉರಿ ಹಾಕಿ, ಹಿಟ್ಟು ಬಿಟ್ಟು, ಕೋಲು ಎತ್ಕೊಂಡು ಊರೆಲ್ಲ ಮೆರವಣಿಗೆ ಹೊರಟಿದ್ದೀರಲ್ಲ, ತಳ ಹಿಡಿದಿದ್ದನ್ನ ನೀವು ಉಣ್ತೀರಾ ಇವರಿಗೆ ಹಾಕ್ತೀರಾ?"

ದೊಡ್ಡಮ್ಮನಿಗೆ ಯಾರೂ ಹಾಗೆ ಮಾತಾಡಿದವರಿಲ್ಲ. ಅವರು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು, ಕೆಳಗಿನಿಂದ ಮೇಲೆ ನೋಡಿದರು. ತುಟಿಯ ಒಂದು ಕೊನೆ ಅಲುಗಿತು. "ಉಂಡ್ಯಾ?" ಅಂದರು.

"ಇಲ್ಲ."

"ಮತ್ತೆ ಗೋಡೆ ಕಾಯ್ತಾ ನಿಂತಿದ್ದೀಯಲ್ಲೇ! ಅದೇನು ಬೀಳ್ತದಾ? ಏಳ್ಲಾ ಸಿದ್ದರಾಜ. ಆ ಮಗೀಗೆ ಮುಂದಿನ ಬೆಂಚು ಬಿಡು. ಅವಳು ಮೊದ್ಲು ಉಣ್ಲಿ, ಬಿಸಿ ಬಿಸೀದು. ದೇವೀರಿ, ಸೌಟು ಹಿಡ್ಕೊಂಡು ಅಳಬ್ಯಾಡ, ಸಾರು ನೀರಾಗ್ತದೆ!"

ರೇವತಿ ಗಂಡಸರ ಬೆಂಚಿನ ನಡುವೆ ಕೂತು ಎಲ್ಲರಿಗಿಂತ ಮೊದಲು ಉಂಡಳು. ಸಾರಿಗೆ ಉಪ್ಪು ಕಮ್ಮಿ ಅಂತ ಜೋರಾಗಿಯೇ ಹೇಳಿದಳು. ಕಮ್ಮಿಯಿತ್ತು. ದೊಡ್ಡಮ್ಮನಿಗೆ ಅವರದು ತಿರುಗಿ ಬಂದದ್ದು ಅಲಂಕಾರದಿಂದಲೋ, ನನ್ನ ದಡ್ಡತನ ಕಂಡು ತಡೆಯಲಾರದೆಯೋ ಅನ್ನುವುದು ನನಗೆ ಈಗಲೂ ಖಚಿತವಿಲ್ಲ. ಮೇಷ್ಟ್ರು ಪರೀಕ್ಷೆಯಲ್ಲಿ ನನ್ನ ಆ ವಾಕ್ಯಕ್ಕೆ ಅರ್ಧ ಅಂಕ ಕೊಟ್ಟರು. ಇನ್ನರ್ಧ ಯಾಕಿಲ್ಲ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ದೊಡ್ಡಮ್ಮನೇ ಹೋಗಿ ಕೇಳಿ ಬಂದರು, ಮೇಷ್ಟ್ರು ಎರಡು ದಿನ ಊಟಕ್ಕೆ ಬರಲಿಲ್ಲ. ಬೆಳ್ಳಗಿನ ಬ್ಯಾಡಗಿ ಇನ್ನೂ ಖರ್ಚಾಗಿಲ್ಲ, ಸಾರು ಬಣ್ಣವಿಲ್ಲದೆ ಬರುತ್ತಿದೆ, ದಿನಾ ಅದಕ್ಕೆ ಬೈಸಿಕೊಳ್ಳುತ್ತಿದ್ದೇನೆ. ಆ ಶುಕ್ರವಾರ ಒಲೆಯ ಮುಂದೆ ಅವರ ಮೊದಲ ಬೈಗುಳ ನನ್ನ ತಲೆಯ ಮೇಲೆ ಬಿದ್ದಾಗ ನನಗಾದ ಸಂತೋಷ ಹೇಗಿತ್ತು ಅಂತ ತರಗತಿಯ ಗೆಳತಿಯರು ಕೇಳುತ್ತಾರೆ. ಬಹಳ ಯೋಚಿಸಿ ಹೇಳುತ್ತೇನೆ. ಇದನ್ನು ಮಾತ್ರ ಬೇಕಾದರೆ ನೀವು ಗಟ್ಟಿಯಾಗಿ ಓದಬಹುದು. ಸಂತೋಷದ ಹಾಗಿತ್ತು.